ವಾಪಸು ಬಾರದ ಅಲೆ

ಆಲೆಟ್ಟಿ, ಸುಳ್ಯ
15 ಜೂನ್ 2024

ಜಿಸ್ಮಿ,

ಈ ಕಾಲದಲ್ಲಿ ಕಾಗದ ಬರೆಯುವವರು ಯಾರಪ್ಪಾ ಎಂದು ಹುಬ್ಬೇರಿಸಬೇಡ. ನಿನ್ನ ನಂಬರನ್ನು ನಾನು ಮಾರ್ಚಿನಲ್ಲೇ ಬ್ಲಾಕ್ ಮಾಡಿದ್ದೇನೆ. ನೀನು ದಿನಾ ಸ್ಟೇಟಸ್‌ಗೆ ಹಾಕುತ್ತಿದ್ದ ಆ ಗಾಜಿನ ಪೆಟ್ಟಿಗೆ, ಅದರೊಳಗೆ ಕಪ್ಪು ಕೈಗವಸು ತೊಟ್ಟ ನಿನ್ನ ಎರಡು ಕೈ! ಬೆಳಗ್ಗೆ ಬಸ್ಸಿನಲ್ಲಿ ನೇತಾಡಿಕೊಂಡು ಅದನ್ನು ನೋಡಿದರೆ ಪುತ್ತೂರು ಮುಟ್ಟುವವರೆಗೆ ನನಗೆ ಹೊಟ್ಟೆ ಉರಿಯುತ್ತಿತ್ತು. ಬ್ಲಾಕ್ ತೆಗೆದರೆ ಮತ್ತೆ ನೋಡಬೇಕಾಗುತ್ತದೆ. ಅದಕ್ಕೇ ಅಂಚೆ.

ಎಂ.ಎಸ್ಸಿ.ಯಲ್ಲಿ ನನಗೆ ನಿನಗಿಂತ ಹನ್ನೊಂದು ಅಂಕ ಹೆಚ್ಚಿತ್ತು. ಪುಣೆಯ ಆ ಒಂದು ಸಂಶೋಧನಾ ಸೀಟಿಗೆ ಇಬ್ಬರೂ ಒಂದೇ ರೈಲಿನಲ್ಲಿ ಹೋದೆವು. ದೇವಧರ್ ಸರ್ ನಿನ್ನನ್ನು ತೆಗೆದುಕೊಂಡರು. ನಾನು ಕಾಯುವವರ ಪಟ್ಟಿಯಲ್ಲಿ ಮೊದಲನೆಯವಳು ಎಂದರು. ಎರಡು ವರ್ಷದಿಂದ ಆ ಪಟ್ಟಿಯಲ್ಲಿ ಮೊದಲನೆಯವಳಾಗಿಯೇ ಇದ್ದೇನೆ.

ಇಷ್ಟು ಬೈದ ಮೇಲೆ ಕೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಕೇಳುತ್ತೇನೆ. ನಾನು ಅತಿಥಿ ಉಪನ್ಯಾಸಕಿಯಾಗಿರುವ ಈ ಕಾಲೇಜಿನಲ್ಲಿ ಕರೆಂಟು ಹರಿಸಿ ಗ್ರಾಫ್ ಬರೆಯುವ ಒಂದು ಹಳೆಯ ಪೊಟೆನ್ಶಿಯೋಸ್ಟಾಟ್ ಇದೆ. ಅದನ್ನು ನೋಡಿಕೊಳ್ಳುವ ಅಟೆಂಡರ್ ಮಹಾಲಿಂಗಣ್ಣ ವಾರಕ್ಕೊಮ್ಮೆ ಹಳೆ ಬನಿಯನ್ನಿನಲ್ಲಿ ಒರೆಸಿ ಇಟ್ಟಿರುವುದರಿಂದ ಇನ್ನೂ ಜೀವ ಇದೆ. ರಬ್ಬರ್ ಬೀಜದ ಚಿಪ್ಪನ್ನು ಸುಟ್ಟು ಇದ್ದಿಲು ಮಾಡಿದ್ದೇನೆ. ಅದರ ಮೇಲೆ ಆಮ್ಲಜನಕ ಹೇಗೆ ವರ್ತಿಸುತ್ತದೆ ಎಂದು ನೋಡಬೇಕು. ನೀರಿನಲ್ಲಿ ನೋಡಿದವರು ಸಾವಿರ ಜನ ಇದ್ದಾರೆ. ನನಗೆ ನಿನ್ನ ಹಾಗೆ ಅಯಾನಿಕ್ ದ್ರವದಲ್ಲೇ ನೋಡಬೇಕು. ಅದನ್ನು ತರಿಸುವ ತಾಕತ್ತು ಈ ಕಾಲೇಜಿಗಿಲ್ಲ. ಒಂದು ಸಣ್ಣ ಬಾಟಲಿ ಕಳಿಸುತ್ತೀಯಾ?

ಇಲ್ಲ ಎಂದರೆ ನನಗೆ ಸಮಾಧಾನವೇ. ಬೈಯಲು ಒಂದು ಕಾರಣ ಸಿಕ್ಕಿದಂತಾಗುತ್ತದೆ.

ಸುಪ್ರಿತಾ


ಪುಣೆ
21 ಜೂನ್ 2024

ಪ್ರೀತಿಯ ಸುಪ್ರಿ,

ಬ್ಲಾಕ್ ಮಾಡಿದ್ದು ಗೊತ್ತಾಗಿತ್ತು. ನೆಟ್‌ವರ್ಕ್ ಸರಿ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನಿನ್ನ ಕಾಗದ ಓದಿ ನಗು ಬಂತು, ಆಮೇಲೆ ಸ್ವಲ್ಪ ಖುಷಿಯೂ ಆಯಿತು. ನನ್ನನ್ನು ನೋಡಿ ಹೊಟ್ಟೆಯುರಿಸಿಕೊಳ್ಳುವವರು ಒಬ್ಬರಾದರೂ ಇದ್ದಾರಲ್ಲ.

ಬಾಟಲಿ ಕಳಿಸಿದ್ದೇನೆ. ನಿನಗೆ ಗೊತ್ತಿರುವುದೇ, ಆದರೂ ಹೇಳುತ್ತೇನೆ. ಈ ದ್ರವ ಮುಚ್ಚಳ ತೆಗೆದ ಕ್ಷಣದಿಂದ ಗಾಳಿಯಲ್ಲಿರುವ ನೀರನ್ನು ಕುಡಿಯಲು ಸುರುಮಾಡುತ್ತದೆ. ಅದೂ ನಮ್ಮ ಊರಿನ ಜೂನ್-ಜುಲೈ ಗಾಳಿ! ಒಣಗಿಸದೆ ಅಳೆದರೆ ಬರುವುದು ನೀರಿನ ಕತೆ, ಆಮ್ಲಜನಕದ್ದಲ್ಲ. ಅರವತ್ತು ಡಿಗ್ರಿಯಲ್ಲಿ ಎರಡು ದಿನ ವ್ಯಾಕ್ಯೂಮ್ ಓವನ್ನಿನಲ್ಲಿಡು. ಅಲ್ಲಿ ಅದಿದೆ ತಾನೇ? ಇಲ್ಲದಿದ್ದರೆ ದಯವಿಟ್ಟು ಈ ಕೆಲಸಕ್ಕೆ ಕೈಹಾಕಬೇಡ, ದ್ರವ ದಂಡ.

ಚಿಪ್ಪು ಬೇಕಾದರೆ ಕಡಬಕ್ಕೆ ನಮ್ಮ ಮನೆಗೇ ಹೋಗು. ಕಳೆದ ವರ್ಷ ಹೆಕ್ಕಿಟ್ಟ ಬೀಜ ಗೋಣಿ ತುಂಬ ಇದೆ. ನಾವು ಅಮ್ಮಚ್ಚಿ ಎನ್ನುವ ನಮ್ಮ ಅಮ್ಮನಿಗೆ ಮಾತಾಡಲು ಹೊಸ ಕಿವಿ ಬೇಕು. ಪಪ್ಪನ ಕಿವಿ, ಅಣ್ಣ ಜೆಸ್ವಿನ್‌ನ ಕಿವಿ ಎರಡೂ ಸವೆದುಹೋಗಿವೆ.

ನನ್ನ ಕೆಲಸ ಚೆನ್ನಾಗಿ ನಡೆಯುತ್ತಿದೆ.

ನಿನ್ನ ಜಿಸ್ಮಿ


ಆಲೆಟ್ಟಿ
14 ಜುಲೈ 2024

ಜಿಸ್ಮಿ,

ಕೂತುಕೊಂಡು ಓದು.

ಮೂರು ಶನಿವಾರದಿಂದ ಉಪ್ಪಿನಂಗಡಿಗೆ ಹೋಗಿ, ಆಲಂಕಾರು ದಾಟಿ ನಿಮ್ಮ ಮನೆಗೆ ಹೋಗಿಬರುತ್ತಿದ್ದೇನೆ. ನಿನ್ನ ಅಮ್ಮ ಮೊದಲ ದಿನವೇ ಗೋಣಿ ಬಿಚ್ಚಿ ಚಿಪ್ಪು ಒಡೆಯಲು ನನ್ನ ಜೊತೆ ಕೂತರು. ನಾನು ಬ್ಯಾಗಿನಿಂದ ನಿನ್ನ ಬಾಟಲಿ ತೆಗೆದು ತೋರಿಸಿದೆ.

"ಎಂತ ಮೋಳೆ ಇದು, ನೀರಾ ಎಣ್ಣೆಯಾ?" ಎಂದು ಮಗಳಿಗೆ ಕೇಳಿದ ಹಾಗೆ ಕೇಳಿದರು.

"ಉಪ್ಪು ಆಂಟಿ. ನೀರು ಸೇರಿಸದೆಯೇ ದ್ರವವಾಗಿರುವ ಉಪ್ಪು."

"ಉಪ್ಪು ಹೀಗೂ ಉಂಟಾ? ಜಿಸ್ಮಿ ಅಲ್ಲಿ ಇದನ್ನೇ ಇಟ್ಟುಕೊಂಡು ಕೂತದ್ದಾ? ಎಂತ ಮಾಡುದು ಇದರಲ್ಲಿ?"

ಎರಡು ವರ್ಷದಲ್ಲಿ ನೀನು ಅವರಿಗೆ ಒಮ್ಮೆಯೂ ಹೇಳಿಲ್ಲವಂತೆ. ನಾನು ಹೇಳಿದೆ. "ಇದರೊಳಗೆ ಆಮ್ಲಜನಕ ಬಿಡುದು ಆಂಟಿ. ಕರೆಂಟಿನಿಂದ ಅದಕ್ಕೆ ಒಂದು ಎಲೆಕ್ಟ್ರಾನ್ ಕೊಡುದು. ಆಗ ಅದು ಸೂಪರ್‌ಆಕ್ಸೈಡ್ ಆಗ್ತದೆ. ದ್ರವ ಒಳ್ಳೆ ಒಣಗಿದ್ದರೆ ಅದು ಹಾಗೇ ಉಳಿತದೆ. ಕರೆಂಟು ಹಿಂದೆ ತಿರುಗಿಸಿದರೆ ತೆಗೊಂಡ ಎಲೆಕ್ಟ್ರಾನ್ ವಾಪಸು ಕೊಡ್ತದೆ. ಗ್ರಾಫಿನಲ್ಲಿ ಹೋಗುವಾಗ ಒಂದು ಅಲೆ, ಬರುವಾಗ ಒಂದು ಅಲೆ."

"ತೆಗೊಂಡದ್ದನ್ನು ವಾಪಸು ಕೊಡ್ತದಾ? ಹಾಗಾದರೆ ಮನುಷ್ಯರಿಗಿಂತ ಒಳ್ಳೇದುಂಟು," ಎಂದು ನಕ್ಕರು. ಆಮೇಲೆ ಮರಗೆಣಸು, ಮೀನು ಸಾರು. ತಟ್ಟೆ ಖಾಲಿಯಾಗಲು ಬಿಡಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ವಾರ ನನ್ನ ಇದ್ದಿಲು ಹಚ್ಚಿದ ವಿದ್ಯುದ್ವಾರವನ್ನು ದ್ರವದಲ್ಲಿ ಅದ್ದಿ ಅಳೆದೆ. ವಾಪಸು ಅಲೆ ಇಲ್ಲ ಜಿಸ್ಮಿ. ಇಲ್ಲವೇ ಇಲ್ಲ. ಹೋಗುವ ಅಲೆ ಮಾತ್ರ ಎರಡು ಪಟ್ಟು ಎತ್ತರ! ಅಂದರೆ ಆಮ್ಲಜನಕ ಸೂಪರ್‌ಆಕ್ಸೈಡ್‌ನಲ್ಲೇ ನಿಲ್ಲದೆ ಎರಡನೆಯ ಎಲೆಕ್ಟ್ರಾನನ್ನೂ ತೆಗೆದುಕೊಂಡು ಪೆರಾಕ್ಸೈಡ್ ಆಗಿಬಿಟ್ಟಿದೆ. ಒಣ ದ್ರವದಲ್ಲಿ ಹೀಗಾಗಬಾರದು. ಹಾಗೆ ಮಾಡಿಸಿದ್ದು ನನ್ನ ಇದ್ದಿಲು. ಆರು ಸಲ ಅಳೆದೆ, ಆರು ಸಲವೂ ಅದೇ. ಮಹಾಲಿಂಗಣ್ಣನಿಗೆ ತೋರಿಸಿದರೆ "ಲಾಯ್ಕುಂಟು ಮೇಡಂ, ಘಾಟಿ ರೋಡಿನ ಹಾಗೆ," ಎಂದರು.

ದ್ರವ ಒಣಗಿಸುವ ವಿಷಯದಲ್ಲಿ ನೀನು ತಲೆ ಕೆಡಿಸಿಕೊಳ್ಳಬೇಡ. ಚೆನ್ನಾಗಿಯೇ ಒಣಗಿದೆ.

ಆಗಸ್ಟ್ ಹದಿನೇಳಕ್ಕೆ ಮಂಗಳೂರಿನಲ್ಲಿ ವಿಚಾರ ಸಂಕಿರಣ. ನನ್ನ ಪ್ರಬಂಧದ ಸಾರಾಂಶ ಆಯ್ಕೆಯಾಗಿದೆ. ಮುಖ್ಯ ಅತಿಥಿ ಯಾರು ಗೊತ್ತಾ? ನಿನ್ನ ದೇವಧರ್ ಸರ್. ಅವರ ಲ್ಯಾಬಿನಲ್ಲಿ ಮತ್ತೊಂದು ಸೀಟು ಖಾಲಿಯಾಗಿದೆಯಂತೆ, ನೀನು ಹೇಳಲೇ ಇಲ್ಲ.

ಸುಪ್ರಿತಾ


ಪುಣೆ
22 ಜುಲೈ 2024

ಸುಪ್ರಿತಾ,

ಅಭಿನಂದನೆ. ಈ ಒಂದು ಶಬ್ದ ಬರೆಯಲು ಮೂರು ಹಾಳೆ ಹರಿದೆ.

ನಿಜ ಹೇಳುತ್ತೇನೆ. ನನ್ನ ಕೆಲಸ ಚೆನ್ನಾಗಿ ನಡೆಯುತ್ತಿಲ್ಲ. ಎರಡು ವರ್ಷದಿಂದ ಆ ಎರಡು ಅಲೆಗಳನ್ನೇ ನೋಡುತ್ತಿದ್ದೇನೆ. ಈ ಗಟ್ಟಿ ದ್ರವದಲ್ಲಿ ಆಮ್ಲಜನಕ ಸಲೀಸಾಗಿ ಓಡಾಡುತ್ತದೆ. ಎಲೆಕ್ಟ್ರಾನ್ ಹೊತ್ತ ಮೇಲೆ, ಸೂಪರ್‌ಆಕ್ಸೈಡ್ ಆದ ಮೇಲೆ, ಅದೇ ಜೀವ ತೆವಳುತ್ತದೆ. ಎಷ್ಟು ನಿಧಾನ ಎಂದು ಅಳೆಯುವುದೇ ನನ್ನ ಕೆಲಸ. ಅಳೆಯುತ್ತೇನೆ, ಬರೆದಿಡುತ್ತೇನೆ, ಸರ್ "ಹ್ಞೂಂ" ಎನ್ನುತ್ತಾರೆ. ನೀನು ಹಳೆ ಬನಿಯನ್ನಿನಲ್ಲಿ ಒರೆಸಿದ ಯಂತ್ರದಲ್ಲಿ ಒಂದೇ ವಾರದಲ್ಲಿ ಹೊಸತನ್ನು ಕಂಡೆ. ಸೀಟಿನ ವಿಷಯ ನಾನು ಹೇಳಲಿಲ್ಲ, ಹೌದು. ಹೇಳಬೇಕೆಂದು ಅನಿಸಲಿಲ್ಲ.

ಒಂದು ಪ್ರಶ್ನೆಗೆ ಉತ್ತರ ಕೊಡು. ಹೇಗೆ ಒಣಗಿಸಿದೆ? "ಚೆನ್ನಾಗಿಯೇ" ಎನ್ನುವುದು ಉತ್ತರವಲ್ಲ. ಸ್ವಲ್ಪ ದ್ರವವನ್ನು ನನಗೆ ವಾಪಸು ಕಳಿಸು, ಇಲ್ಲಿ ನೀರು ಎಷ್ಟಿದೆ ಎಂದು ನೋಡುತ್ತೇನೆ.

ಇನ್ನೊಂದು. ಭಾನುವಾರ ಅಮ್ಮಚ್ಚಿಗೆ ಫೋನ್ ಮಾಡಿದೆ. ಅರ್ಧ ಗಂಟೆ ನಿನ್ನದೇ ಸುದ್ದಿ. ಸುಪ್ರಿ ಹೀಗೆ ಹೇಳಿದಳು, ಸುಪ್ರಿ ಹಾಗೆ ನಕ್ಕಳು, ಸುಪ್ರಿಗೆ ಮೀನಿನ ತಲೆ ಇಷ್ಟ. ನಿನ್ನನ್ನು ಮೋಳೆ ಎಂದು ಕರೆಯುತ್ತಾಳಂತೆ. ಆ ಮನೆಯಲ್ಲಿ ಮಗಳು ಒಬ್ಬಳೇ ಇದ್ದದ್ದು. ನಾನು ಊಟ ಮಾಡಿದೆನಾ ಎಂದು ಅವಳು ಕೇಳಲು ಮರೆತದ್ದು ಇದೇ ಮೊದಲು.

ಜಿಸ್ಮಿ


ಪುತ್ತೂರು
29 ಜುಲೈ 2024

ಜಿಸ್ಮಿ,

ದ್ರವ ಕಳಿಸಿದ್ದೇನೆ. ನೋಡಿಕೊ. ನಿನ್ನ ಅಮ್ಮನನ್ನು ನಾನು ಕದ್ದಿಲ್ಲ, ಅಲ್ಲಿಗೆ ಹೋಗು ಎಂದವಳು ನೀನೇ.

ನಿನ್ನ ಪ್ರಶ್ನೆಯ ಹಿಂದೆ ಏನಿದೆ ಎಂದು ನನಗೆ ಗೊತ್ತು. ಎರಡು ವರ್ಷ ಹೊಟ್ಟೆಕಿಚ್ಚಿನಲ್ಲೇ ಬದುಕಿದವಳು ನಾನು, ಅದರ ಗುರುತು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಾರಾಂಶದಲ್ಲಿ ವ್ಯಾಕ್ಯೂಮ್‌ನಲ್ಲಿ ಒಣಗಿಸಲಾಗಿದೆ ಎಂದು ಬರೆದಿದ್ದೇನೆ. ನಿನಗೂ ಅದೇ ಉತ್ತರ.

ಆ ಸೀಟು ನನಗೆ ಬೇಕು ಜಿಸ್ಮಿ. ಬೇರೆ ಏನೂ ಬೇಡ.

ಸುಪ್ರಿತಾ


ಪುಣೆ
5 ಆಗಸ್ಟ್ 2024

ಸುಪ್ರಿ,

ಇವತ್ತು ಬೆಳಗ್ಗೆ ನಿನ್ನ ಪಾರ್ಸೆಲ್ ಬಂತು. ನೀರು ಅಳೆದೆ. ಹೆಚ್ಚಿಲ್ಲ. ಗ್ರಾಫ್ ತೆಗೆದೆ. ಎತ್ತರದ ಅಲೆ, ವಾಪಸು ಅಲೆ ಇಲ್ಲ, ನೀನು ಹೇಳಿದ ಹಾಗೆಯೇ. ಆದರೆ ಕೇಳು, ನಾನು ಅಳೆದದ್ದು ನನ್ನ ಖಾಲಿ ವಿದ್ಯುದ್ವಾರದಲ್ಲಿ. ಅದರ ಮೇಲೆ ನಿನ್ನ ಇದ್ದಿಲಿನ ಒಂದು ಕಣವೂ ಇರಲಿಲ್ಲ. ಹಾಗಾದರೆ ಆ ಎರಡನೆಯ ಎಲೆಕ್ಟ್ರಾನ್ ಇದ್ದಿಲಿನ ಕೆಲಸವಲ್ಲ. ದ್ರವದೊಳಗೇ ಏನೋ ಇದೆ.

ಬಾಟಲಿಯ ಮುಚ್ಚಳ ತೆಗೆದಾಗಲೇ ನನಗೆ ಅನುಮಾನ ಬಂದಿತ್ತು. ಮೂಗಿಗೆ ಹೊಗೆ, ಅದರ ಹಿಂದೆ ಒಂದು ಹುಳಿ ವಾಸನೆ. ಈ ಲ್ಯಾಬಿನಲ್ಲಿ ಬೇರೆ ಯಾರಿಗೂ ಅದು ಗೊತ್ತಾಗುತ್ತಿರಲಿಲ್ಲ. ಅದು ನಮ್ಮ ಮನೆಯ ಹಿಂದಿನ ಹೊಗೆಗೂಡು, ರಬ್ಬರ್ ಶೀಟು ಒಣಗಿಸುವ ಕೋಣೆ. ಕೂಡಲೇ ಅಮ್ಮಚ್ಚಿಗೆ ಫೋನ್ ಮಾಡಿ ಕೇಳಿದೆ.

"ಹೌದು, ಸುಪ್ರಿಯದ್ದು ಒಂದು ಗಾಜಿನ ತಟ್ಟೆ ಅಲ್ಲೇ ಉಂಟು. ಮೇಲೆ ತೆಳು ಬಟ್ಟೆ ಕಟ್ಟಿದ್ದಾಳೆ, ಮಸಿ ಬೀಳದ ಹಾಗೆ. ಮಳೆಗೆ ಬೇರೆ ಎಲ್ಲಿ ಒಣಗ್ತದೆ ಹೇಳು? ನಿನ್ನ ಶಾಲೆಯ ಬೂಟ್ಸು, ಸರ್ಟಿಫಿಕೇಟು ಎಲ್ಲ ನಾನು ಒಣಗಿಸಿದ್ದು ಅಲ್ಲೇ ಅಲ್ವಾ?" ಎಂದಳು.

ನೀನು ಹೇಗೆ ಯೋಚಿಸಿದೆ ಎಂದು ನನಗೆ ಅರ್ಥವಾಗುತ್ತದೆ. ಈ ದ್ರವ ಆವಿಯಾಗುವುದಿಲ್ಲ, ಬಿಸಿ ಜಾಗದಲ್ಲಿ ತೆರೆದಿಟ್ಟರೆ ನೀರು ಮಾತ್ರ ಹೋಗುತ್ತದೆ, ದ್ರವ ಉಳಿಯುತ್ತದೆ. ಲೆಕ್ಕ ಸರಿಯೇ. ಆದರೆ ರಬ್ಬರ್ ಹಾಲು ಹೆಪ್ಪುಗಟ್ಟಲು ಪಪ್ಪ ಹಾಕುವುದು ಫಾರ್ಮಿಕ್ ಆಸಿಡ್. ಶೀಟು ಬಿಸಿಯಾದಾಗ ಅದು ಗಾಳಿಗೆ ಬರುತ್ತದೆ, ಸೌದೆಯ ಹೊಗೆಯಲ್ಲೂ ಆಮ್ಲ ಇದೆ. ನಿನ್ನ ದ್ರವ ನೀರನ್ನು ಬಿಟ್ಟುಕೊಟ್ಟು ಆಮ್ಲವನ್ನು ಕುಡಿದಿದೆ. ಸೂಪರ್‌ಆಕ್ಸೈಡ್‌ಗೆ ಆಮ್ಲ ಸಿಕ್ಕಿದರೆ ಅದು ವಾಪಸು ಬರುವುದುಂಟೇ? ಅಲ್ಲೇ ಇನ್ನೊಂದು ಎಲೆಕ್ಟ್ರಾನ್ ತೆಗೆದುಕೊಂಡು ಪೆರಾಕ್ಸೈಡ್ ಆಗಿಬಿಡುತ್ತದೆ.

ಸಂಕಿರಣಕ್ಕೆ ಇನ್ನೂ ಹನ್ನೆರಡು ದಿನ ಇದೆ. ಈ ಕಾಗದ ನಾಲ್ಕೈದು ದಿನದಲ್ಲಿ ನಿನ್ನ ಕೈಸೇರುತ್ತದೆ. ಮಾತನಾಡುವ ವಿಷಯ ಬದಲಿಸು, ಇಲ್ಲವೇ ಇದ್ದದ್ದನ್ನು ಇದ್ದ ಹಾಗೆ ಹೇಳು. ಸರ್ ಮೊದಲು ಕೇಳುವುದೇ ಖಾಲಿ ವಿದ್ಯುದ್ವಾರದ ಬಗ್ಗೆ.

ಜಿಸ್ಮಿ


ಆಲೆಟ್ಟಿ
27 ಆಗಸ್ಟ್ 2024

ಜಿಸ್ಮಿ,

ಮೊದಲು ಹದಿನೇಳನೆಯ ತಾರೀಕಿನ ಸುದ್ದಿ ಹೇಳುತ್ತೇನೆ. ನಿನ್ನ ಸರ್ ಬಾಯಿಂದ ಕೇಳಿರುತ್ತೀ, ನನ್ನ ಬಾಯಿಂದಲೂ ಕೇಳು.

ನನ್ನ ಸರದಿ ಮಧ್ಯಾಹ್ನದ ಊಟದ ನಂತರ. ಗ್ರಾಫ್ ಪರದೆಯ ಮೇಲೆ ಬಂದಾಗ ದೇವಧರ್ ಸರ್ ಕುರ್ಚಿಯಲ್ಲಿ ಮುಂದೆ ಬಾಗಿದರು. ನನ್ನ ಎದೆ ಎಷ್ಟು ಉಬ್ಬಿತೆಂದು ನಿನಗೆ ಹೇಗೆ ಹೇಳಲಿ. ಮಾತು ಮುಗಿದ ಮೇಲೆ ಅವರು ಕೇಳಿದರು, "ಇದೇ ದ್ರವದಲ್ಲಿ ಖಾಲಿ ವಿದ್ಯುದ್ವಾರವನ್ನು ಅಳೆದಿರಾ?"

ಅಳೆದಿದ್ದೇನೆ ಎಂದೆ. ಅದು ನಿಜ, ಆದರೆ ಬಾಟಲಿ ಬಂದ ದಿನ ಅಳೆದದ್ದು, ಒಣಗಿಸುವ ಮೊದಲು. ಅದನ್ನು ಹೇಳಲಿಲ್ಲ.

"ದ್ರವವನ್ನು ಹೇಗೆ ಒಣಗಿಸಿದಿರಿ?"

"ವ್ಯಾಕ್ಯೂಮ್‌ನಲ್ಲಿ ಸರ್. ಅರವತ್ತು ಡಿಗ್ರಿ, ಎರಡು ದಿನ." ನಿನ್ನ ಕಾಗದದ ಸಾಲನ್ನೇ ಗಿಳಿಪಾಠದ ಹಾಗೆ ಒಪ್ಪಿಸಿದೆ.

"ನಿಮ್ಮ ಕಾಲೇಜಿನಲ್ಲಿ ವ್ಯಾಕ್ಯೂಮ್ ಓವನ್ ಇದೆಯೇ?" ಅವರು ಸುಮ್ಮನೆ, ತಿಳಿದುಕೊಳ್ಳಲೆಂದು ಕೇಳಿದ್ದು. ಮುಂದಿನ ಸಾಲಿನಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು ಕೂತಿದ್ದರು. ಅವರು ತಲೆಯೆತ್ತಿ ನನ್ನನ್ನು ನೋಡಿದರು. ಇಲ್ಲ ಸರ್ ಎಂದೆ. ಮತ್ತೆಲ್ಲಿ ಎಂದರು. ರಬ್ಬರ್ ಹೊಗೆಗೂಡಿನಲ್ಲಿ ಎಂದೆ.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಇಡೀ ಸಭಾಂಗಣ ನಕ್ಕಿತು. ಹಿಂದಿನಿಂದ ಯಾರೋ "ಒಣಮೀನು ಸಹ ಉಂಟಾ ಮೇಡಂ?" ಎಂದರು. ದೇವಧರ್ ಸರ್ ನಗಲಿಲ್ಲ. "ಅಳತೆ ತಪ್ಪಾಗಬಹುದು. ಹೇಗೆ ಅಳೆದೆ ಎಂದು ಸುಳ್ಳು ಬರೆಯಬಾರದು," ಎಂದು ಮೆಲ್ಲಗೆ ಹೇಳಿ ಮುಂದಿನವರನ್ನು ಕರೆದರು. ಎಲ್ಲರೂ ನಕ್ಕದ್ದಕ್ಕಿಂತ ಅವರು ನಗದೆ ಹೇಳಿದ್ದು ಹೆಚ್ಚು ಚುಚ್ಚಿತು.

ಲ್ಯಾಪ್‌ಟಾಪ್ ಹೊತ್ತುಕೊಂಡು ಬಂದಿದ್ದ ಮಹಾಲಿಂಗಣ್ಣ ಬಸ್ಸಿನಲ್ಲಿ ನನ್ನ ಪಕ್ಕ ಕೂತು, "ಅದರಲ್ಲಿ ನಗ್ಲಿಕ್ಕೆ ಎಂತ ಉಂಟು ಮೇಡಂ? ನಮ್ಮಲ್ಲಿ ಮಳೆಗಾಲಕ್ಕೆ ಎಲ್ಲ ಒಣಗಿಸುದು ಹೊಗೆಯಲ್ಲೇ ಅಲ್ವಾ," ಎಂದು ಮಾಣಿ ದಾಟುವವರೆಗೂ ಹೇಳುತ್ತಲೇ ಇದ್ದರು.

ಇದು ನನ್ನ ತಪ್ಪು. ಸುಳ್ಳು ಬರೆದವಳು ನಾನು. ನಿನಗೆ ಓವನ್ ಇದೆ, ನನಗಿಲ್ಲ ಎಂದು ನಿನ್ನ ಮುಂದೆ ಹೇಳಲಾರದೆ ಬರೆದ ಸುಳ್ಳು. ಅದನ್ನು ನಾನೇ ಉಣ್ಣುತ್ತೇನೆ.

ನಿನ್ನೆ ನಿನ್ನ ಕಾಗದ ಬಂತು. ಓದಿ ಅತ್ತೆ. ಎಂಥ ಗೆಳತಿಯ ಮೇಲೆ ಅನುಮಾನಪಟ್ಟೆನಲ್ಲ, ಹನ್ನೆರಡು ದಿನ ಮೊದಲೇ ಬರೆದಿದ್ದಾಳಲ್ಲ ಎಂದು. ಕಣ್ಣೊರೆಸಿಕೊಂಡು ಅಂಗಳಕ್ಕಿಳಿದು, ಪಕ್ಕದ ಮನೆಗೆ ಕೊಟ್ಟು ವಾಪಸಾಗುತ್ತಿದ್ದ ಪೋಸ್ಟ್‌ಮ್ಯಾನ್ ಪೋಕರ್ ಅವರಿಗೆ ಚೆನ್ನಾಗಿ ಬೈದೆ. ಮೂರು ವಾರ ಎಲ್ಲಿಟ್ಟಿದ್ದಿರಿ ಇದನ್ನು, ನನ್ನ ಬದುಕೇ ಹೋಯಿತಲ್ಲ ಎಂದೆ. ಪಾಪ, ಅವರು ಬೈಕಿನಿಂದ ಇಳಿದು, ಲಕೋಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದರು.

"ನೋಡಿ ಮಾರಾಯ್ರೆ, ಸೀಲು ನೋಡಿ. ಪುಣೆಯಲ್ಲಿ ಇಪ್ಪತ್ತೊಂದಕ್ಕೆ ಹಾಕಿದ್ದು. ಐದು ದಿನದಲ್ಲಿ ತಂದು ಕೊಟ್ಟಿದ್ದೇವೆ. ನಮಗೆ ಎಂತಕ್ಕೆ ಬೈಯುದು?"

ಒಳಗೆ ಐದು, ಹೊರಗೆ ಇಪ್ಪತ್ತೊಂದು. ಉತ್ತರ ಬರೆಯುವುದಾದರೆ ಬರೆ.

ಸುಪ್ರಿತಾ


ಪುಣೆ
3 ಸೆಪ್ಟೆಂಬರ್ 2024

ಸುಪ್ರಿತಾ,

ಬರೆದದ್ದು ಐದನೆಯ ತಾರೀಕಿಗೇ. ಬರೆದು, ಅಂಟಿಸಿ, ಬ್ಯಾಗಿಗೆ ಹಾಕಿಕೊಂಡೆ. ಅಂಚೆ ಡಬ್ಬಿ ನನ್ನ ಹಾಸ್ಟೆಲಿನ ಗೇಟಿನ ಪಕ್ಕದಲ್ಲೇ ಇದೆ. ಹದಿನಾರು ದಿನ ದಿನಕ್ಕೆ ಎರಡು ಸಲ ಅದರ ಮುಂದೆ ನಡೆದಿದ್ದೇನೆ. ಮೊದಲ ದಿನ ನಾಳೆ ಹಾಕೋಣ ಎಂದುಕೊಂಡೆ. ಹತ್ತನೆಯ ತಾರೀಕಿಗೆ, ಈಗ ಹಾಕಿದರೂ ಸಮಯಕ್ಕೆ ಮುಟ್ಟುತ್ತದೆ ಎಂದುಕೊಂಡೆ. ಹದಿನೈದಕ್ಕೆ, ಇನ್ನು ಹಾಕಿ ಪ್ರಯೋಜನವಿಲ್ಲ ಎಂದುಕೊಂಡೆ. ಆಗ ನನಗೆ ಹಗುರವಾಯಿತು ಸುಪ್ರಿ. ಅದನ್ನು ಮುಚ್ಚಿಡುವುದಿಲ್ಲ.

ನಿನ್ನ ನಂಬರಿಗೆ ಕರೆ ಹೋಗುವುದಿಲ್ಲ ಎಂಬ ನೆಪ ಇತ್ತು. ಆದರೆ ನೀನು ಪ್ರತಿ ಶನಿವಾರ ನಮ್ಮ ಮನೆಯಲ್ಲೇ ಇರುತ್ತಿದ್ದೆ. ಅಮ್ಮಚ್ಚಿಯ ಫೋನಿಗೆ ಮಾಡಿದ್ದರೆ ಸಾಕಿತ್ತು. ಹತ್ತಕ್ಕೆ ಮಾಡಿಯೂ ಮಾಡಿದೆ. ಹಿಂದಿನಿಂದ ನಿನ್ನ ನಗು ಕೇಳಿಸಿತು. ಕೊಡಲಾ ಎಂದು ಅವಳು ಕೇಳಿದಳು. ಬೇಡ, ಕೆಲಸ ಇದೆ ಎಂದೆ.

ಇಲ್ಲಿಗೆ ನೀನು ಬರುವುದು ನನಗೆ ಬೇಡವಾಗಿತ್ತು. ನೀನು ನನಗಿಂತ ಚುರುಕು ಎಂದು ಎಂ.ಎಸ್ಸಿ.ಯ ಮೊದಲ ವರ್ಷದಿಂದಲೂ ನನಗೆ ಗೊತ್ತು. ಇಲ್ಲಿ ಯಾರಿಗೂ ಗೊತ್ತಿಲ್ಲ. ನೀನು ಬಂದ ಎರಡೇ ತಿಂಗಳಲ್ಲಿ ಎಲ್ಲರಿಗೂ ಗೊತ್ತಾಗುತ್ತಿತ್ತು.

ಇಪ್ಪತ್ತೊಂದಕ್ಕೆ ಯಾಕೆ ಹಾಕಿದೆ ಎಂದು ನೀನು ಕೇಳಿಲ್ಲ, ಹೇಳುತ್ತೇನೆ. ಇಪ್ಪತ್ತಕ್ಕೆ ಲ್ಯಾಬಿನಲ್ಲಿ ನಮ್ಮ ಸೀನಿಯರ್ ಒಬ್ಬರು ಮಂಗಳೂರಿನ ಕತೆ ಹೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಹೊಗೆಗೂಡು ನಮ್ಮ ಮನೆಯದು ಎಂದು ಒಬ್ಬರಿಗೂ ಹೇಳದೆ ನಕ್ಕೆ. ಮರುದಿನ ಬೆಳಗ್ಗೆ ಡಬ್ಬಿಗೆ ಹಾಕಿದೆ.

ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ. ಬರೆದರೆ ನೀನು ಕ್ಷಮಿಸಬೇಕಾಗುತ್ತದೆ.

ಜಿಸ್ಮಿ


ಪುತ್ತೂರು
28 ಸೆಪ್ಟೆಂಬರ್ 2024

ಜಿಸ್ಮಿ,

ನಿನ್ನ ಕಾಗದ ಬಂದ ವಾರವಿಡೀ ನಿನ್ನನ್ನು ಮನಸ್ಸಿನಲ್ಲೇ ಬೈದೆ. ತುಳುವಿನಲ್ಲಿ ಬೈದೆ, ಕನ್ನಡದಲ್ಲಿ ಬೈದೆ, ನಿನ್ನ ಅಮ್ಮನಿಂದ ಕಲಿತ ಮಲಯಾಳದಲ್ಲೂ ಬೈದೆ. ಅವರಿಗೆ ಮಾತ್ರ ಏನೂ ಹೇಳಿಲ್ಲ. ಹೆದರಬೇಡ.

ಆಮೇಲೆ ಕೆಲಸಕ್ಕೆ ಕೂತೆ. ನೀನು ಕಳಿಸಿದ ದ್ರವದಲ್ಲಿ ಮುಟ್ಟದೆ ಉಳಿದದ್ದು ಸ್ವಲ್ಪ ಇತ್ತು. ಉಪ್ಪಿನಂಗಡಿಯಲ್ಲಿ ಮೂಸಕುಂಞಿಯವರ ಫ್ರಿಜ್ ರಿಪೇರಿ ಅಂಗಡಿ ಇದೆ. ಎ.ಸಿ.ಗೆ ಗ್ಯಾಸ್ ತುಂಬುವ ಮೊದಲು ಪೈಪಿನ ಗಾಳಿಯನ್ನೆಲ್ಲ ಎಳೆದು ತೆಗೆಯುವ ಪಂಪು ಅವರಲ್ಲಿ ಉಂಟು ಎಂದು ಮಹಾಲಿಂಗಣ್ಣ ಹೇಳಿದರು. ಅದೂ ವ್ಯಾಕ್ಯೂಮೇ ತಾನೇ? ಹೋಗಿ ಕೇಳಿದೆ. "ಭಾನುವಾರ ಅಂಗಡಿ ಬಂದ್. ಪಂಪು ನಿಮ್ಮದೇ. ಸೋಮವಾರ ಬೆಳಗ್ಗೆ ನನಗೆ ಬೇಕು, ಅಷ್ಟೇ," ಎಂದರು. ಎರಡು ಭಾನುವಾರ ಅವರ ಅಂಗಡಿಯಲ್ಲಿ, ಕಳಚಿಟ್ಟ ಫ್ರಿಜ್‌ಗಳ ನಡುವೆ ಸ್ಟೂಲಿನ ಮೇಲೆ ಕೂತು, ಬಿಸಿನೀರಿನ ಪಾತ್ರೆಯಲ್ಲಿಟ್ಟು ದ್ರವ ಒಣಗಿಸಿದೆ.

ಎರಡು ಅಲೆ ಬಂತು. ಹೋಗುವುದು ಒಂದು, ವಾಪಸು ಬರುವುದು ಒಂದು. ಖಾಲಿ ವಿದ್ಯುದ್ವಾರದಲ್ಲೂ ಎರಡು, ನನ್ನ ಇದ್ದಿಲಿನಲ್ಲೂ ಎರಡು. ನನ್ನ ಇದ್ದಿಲಿನಲ್ಲಿ ಯಾವ ಮಹಿಮೆಯೂ ಇಲ್ಲ. ಮಹಾಲಿಂಗಣ್ಣನಿಗೆ ಹೇಳಿದರೆ ನನಗಿಂತ ಹೆಚ್ಚು ಅವರಿಗೇ ಬೇಸರವಾಯಿತು.

ಅಷ್ಟಕ್ಕೆ ನಿಲ್ಲಿಸಲಿಲ್ಲ. ಅದೇ ದ್ರವಕ್ಕೆ ಫಾರ್ಮಿಕ್ ಆಸಿಡನ್ನು ಒಂದೊಂದೇ ಸಣ್ಣ ಹನಿ ಸೇರಿಸುತ್ತಾ ಹೋದೆ. ಪ್ರತಿ ಸಲವೂ ವಾಪಸು ಅಲೆ ಸ್ವಲ್ಪ ಕುಗ್ಗುತ್ತದೆ, ಹೋಗುವ ಅಲೆ ಸ್ವಲ್ಪ ಏರುತ್ತದೆ. ಏಳನೆಯ ಸಲಕ್ಕೆ ನನ್ನ ಹೊಗೆಗೂಡಿನ ಗ್ರಾಫೇ ಎದುರಿಗಿತ್ತು. ಏಳನ್ನೂ ದೇವಧರ್ ಸರ್‌ಗೆ ಈಮೇಲ್ ಮಾಡಿದೆ. ಜೊತೆಗೆ ಎಲ್ಲಿ ಒಣಗಿಸಿದೆ, ಯಾಕೆ ಸುಳ್ಳು ಬರೆದೆ, ದ್ರವದಲ್ಲಿ ಆಮ್ಲ ಇದೆ ಎಂದು ಮೊದಲು ಕಂಡುಹಿಡಿದವರು ಯಾರು ಎಲ್ಲವನ್ನೂ ಬರೆದೆ. ಯಾವಾಗ ಕಂಡುಹಿಡಿದರು ಎಂದು ಬರೆಯಲಿಲ್ಲ.

ನಾಲ್ಕೇ ಸಾಲಿನ ಉತ್ತರ ಬಂತು. ಸೀಟು ಇನ್ನೂ ತುಂಬಿಲ್ಲ. ನಿನ್ನ ಕೆಲಸವನ್ನು ಹತ್ತಿರದಿಂದ ಬಲ್ಲ ಒಬ್ಬರ ಹೆಸರು ಕೊಡು, ಅವರ ಮಾತು ಕೇಳಿ ತೀರ್ಮಾನಿಸುತ್ತೇನೆ ಎಂದಿದ್ದಾರೆ.

ನಿನ್ನ ಹೆಸರು ಕೊಟ್ಟಿದ್ದೇನೆ. ದೊಡ್ಡ ಮನಸ್ಸು ಎಂದು ತಿಳಿಯಬೇಡ, ನಾನು ಕ್ಷಮಿಸಿಲ್ಲ. ಆದರೆ ನನ್ನ ಕೆಲಸವನ್ನು ಮೂಸಿ ನೋಡಿ ತಪ್ಪು ಹೇಳಿದವಳು ಭೂಮಿಯ ಮೇಲೆ ನೀನೊಬ್ಬಳೇ. ಮತ್ತೊಂದು ವಿಷಯ. ನಿನ್ನ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಎಂದು ಎರಡು ಭಾನುವಾರ ಆ ಸ್ಟೂಲಿನ ಮೇಲೆ ಕೂತು ಯೋಚಿಸಿದೆ. ನೀನು ಬರೆದು ಹದಿನಾರು ದಿನ ಇಟ್ಟುಕೊಂಡೆ. ನಾನಾಗಿದ್ದರೆ ಬರೆಯುತ್ತಲೇ ಇರಲಿಲ್ಲ.

ಸರ್ ಕೇಳಿದಾಗ ನಿನಗೆ ಸರಿ ಕಂಡದ್ದನ್ನು ಹೇಳು.

ಸುಪ್ರಿತಾ


ಪುಣೆ
4 ಅಕ್ಟೋಬರ್ 2024

ಸುಪ್ರಿ,

ಇವತ್ತು ಸರ್ ಕರೆದರು. ಮೇಜಿನ ಮೇಲೆ ನಿನ್ನ ಏಳು ಗ್ರಾಫುಗಳಿದ್ದವು. ಹೇಗೆ ಈ ಹುಡುಗಿ ಎಂದರು. ನನಗಿಂತ ಒಳ್ಳೆಯ ಕೈ ಸರ್, ನನಗಿಂತ ಹಟ ಎಂದೆ. ಹೇಳಿದ್ದು ಪ್ರೀತಿಯಿಂದಲ್ಲ.

ಆಮೇಲೆ ಕೇಳಿದರು, "ದ್ರವದಲ್ಲಿ ಆಮ್ಲ ಇದೆ ಎಂದು ನಿನಗೆ ಗೊತ್ತಾದದ್ದು ಯಾವಾಗ?"

ಸಂಕಿರಣದ ನಂತರ ಎಂದಿದ್ದರೆ ಮುಗಿಯುತ್ತಿತ್ತು. ನೀನು ಮುಚ್ಚಿಟ್ಟಿದ್ದೆ, ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಆಗಸ್ಟ್ ಐದಕ್ಕೆ ಸರ್ ಎಂದೆ. ಅವರು ಗೋಡೆಯ ಕ್ಯಾಲೆಂಡರ್ ನೋಡಿದರು, ಹದಿನೇಳರವರೆಗೆ ಬೆರಳಿನಲ್ಲಿ ಎಣಿಸಿದರು. ಕೊನೆಗೆ, "ಸುಪ್ರಿತಾ ಸೇರಲಿ. ಆಮ್ಲದ ಕೆಲಸ ಅವಳದು. ನಿನ್ನ ಎರಡು ವರ್ಷದ ಅಳತೆಗಳನ್ನೂ ಅವಳಿಗೆ ಕೊಡು, ಎರಡೂ ಸೇರಿದರೆ ಒಂದು ಪ್ರಬಂಧವಾಗುತ್ತದೆ. ಅವಳ ಹೆಸರು ಮೊದಲು," ಎಂದರು.

ನನ್ನ ಎರಡು ವರ್ಷ, ನಿನ್ನ ಹೆಸರು ಮೊದಲು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ನಿನ್ನನ್ನು ಶಪಿಸಿದೆ.

ನಿನ್ನ ಆದೇಶಪತ್ರ ಇದರೊಳಗಿದೆ. ಈಮೇಲ್ ಮಾಡುವುದಿಲ್ಲ, ಇದನ್ನು ನೀನೇ ಕಳಿಸು ಎಂದು ಸರ್ ನನ್ನ ಕೈಗೇ ಕೊಟ್ಟರು. ಸೇರಲು ಕೊನೆಯ ದಿನ ಹದಿನೆಂಟು. ಹಾಸ್ಟೆಲಿನ ಗೇಟಿನ ಕಡೆಗೆ ಹೋಗಿಲ್ಲ. ಲ್ಯಾಬಿನಿಂದ ನೇರ ದೊಡ್ಡ ಅಂಚೆ ಕಚೇರಿಗೆ ಬಂದು, ಅಂಟಿನ ಡಬ್ಬಿಯ ಪಕ್ಕದಲ್ಲಿ ನಿಂತುಕೊಂಡೇ ಇದನ್ನು ಬರೆಯುತ್ತಿದ್ದೇನೆ. ನನ್ನ ಮುಂದೆ ಮೂರು ಜನ ಇದ್ದಾರೆ.

ಹದಿನೆಂಟರೊಳಗೆ ಬಾ. ನೀನು ತಡಮಾಡಿದರೆ ನನಗೆ ಸಂತೋಷವಾಗುತ್ತದೆ. ಆ ಸಂತೋಷವನ್ನು ನನಗೆ ಕೊಡಬೇಡ.

ಜಿಸ್ಮಿ